ಜಿಸಿಸಿಯ ಇನ್‌ಸ್ಟಾಲ್ ಕೈಪಿಡಿ: ಮಾಹಿತಿ ಇತ್ತು, ಜಾಗ ತಪ್ಪಿತ್ತು

ಸಿ, ಸಿ++ ಮುಂತಾದ ಭಾಷೆಗಳ ಪ್ರೋಗ್ರಾಂಗಳನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಕಂಪೈಲರ್ ಜಿಸಿಸಿ. ಅದಕ್ಕೆ ಇನ್‌ಸ್ಟಾಲ್ ಕೈಪಿಡಿ ಇಲ್ಲವೆಂದು ಯಾರೂ ದೂರುವಂತಿಲ್ಲ. ಕೈಪಿಡಿ ಇದೆ, ಬೇಕಾದಷ್ಟು ವಿವರವಾಗಿಯೇ ಇದೆ, ಪ್ರತಿ ಬಿಡುಗಡೆಗೂ ಅದನ್ನು ತಿದ್ದುತ್ತಾರೆ. ಆದರೂ ಸೋರ್ಸ್‌ನಿಂದ, ಅಂದರೆ ಅದರ ಮೂಲ ಕೋಡ್‌ನಿಂದ, ಜಿಸಿಸಿ ಬಿಲ್ಡ್ ಮಾಡಲು ಹೊರಟವರು ವರ್ಷಗಟ್ಟಲೆ ಅವೇ ಮೂರು ನಾಲ್ಕು ಕಡೆ ಎಡವುತ್ತ ಬಂದರು. ಕೈಪಿಡಿ ಓದದೆ ಎಡವಿದವರಷ್ಟೇ ಅಲ್ಲ, ಓದಿ ಎಡವಿದವರೂ ಇದ್ದಾರೆ. ಈ ಬರಹ ಆ ಎಡವುವ ಜಾಗಗಳ ಬಗ್ಗೆ. ಅವುಗಳಲ್ಲಿ ಕೆಲವು ಸರಿಯಾದವು. ಹೇಗೆ ಸರಿಯಾದವು ಎಂದು ನೋಡಿದರೆ, ಕೈಪಿಡಿಗೆ ಇನ್ನೊಂದು ಪ್ಯಾರಾ ಸೇರಿಸಿದ್ದರಿಂದ ಆಗಿದ್ದು ಕಡಿಮೆ. ಬೇಕಾದ ಮಾತನ್ನು ಬಳಕೆದಾರ ಸಿಕ್ಕಿಬೀಳುವ ಜಾಗಕ್ಕೇ ತಂದಿಟ್ಟಿದ್ದರಿಂದ, ಇಲ್ಲವೇ ಆ ಹೆಜ್ಜೆಯೇ ಬೇಡವಾಗುವಂತೆ ಮಾಡಿದ್ದರಿಂದ ಆಗಿದ್ದು ಹೆಚ್ಚು.

ಮೊದಲು ಕೈಪಿಡಿಯ ಸ್ವರೂಪ ನೋಡೋಣ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಸಿ ಕಂಪೈಲರ್ 1999ರ ಹೊತ್ತಿಗೆ ಹಲವು ಭಾಷೆಗಳ ಕಂಪೈಲರುಗಳ ಸಮೂಹವಾಗಿ, ‘ಗ್ನೂ ಕಂಪೈಲರ್ ಕಲೆಕ್ಷನ್’ ಎಂಬ ಈಗಿನ ಹೆಸರಿಗೆ ಬಂತು. ಇನ್‌ಸ್ಟಾಲ್ ಕೈಪಿಡಿಯ ಮೂಲ ಟೆಕ್ಸ್‌ಇನ್ಫೋ ಎಂಬ ದಾಖಲೆ ಬರೆಯುವ ವಿಧಾನದಲ್ಲಿ ಬರೆದ ಒಂದೇ ಕಡತ. ಜಾಲತಾಣದ ಪುಟಗಳೂ, ಸೋರ್ಸ್ ಕಡತಗಳನ್ನೆಲ್ಲ ಒಂದಾಗಿ ಕಟ್ಟಿದ ಟಾರ್‌ಬಾಲ್‌ನೊಳಗಿನ ‘ಇನ್‌ಸ್ಟಾಲ್’ ಡೈರೆಕ್ಟರಿಯೂ ಅದರಿಂದಲೇ ತಯಾರಾಗುತ್ತವೆ. ಓದುವ ಕ್ರಮ ಹೀಗೆ: ಮೊದಲೇ ಇರಬೇಕಾದ ತಂತ್ರಾಂಶಗಳು, ಡೌನ್‌ಲೋಡ್, ಕಾನ್ಫಿಗರೇಶನ್, ಬಿಲ್ಡ್, ಬೇಕಿದ್ದರೆ ಟೆಸ್ಟ್, ಕೊನೆಗೆ ಇನ್‌ಸ್ಟಾಲ್. ಇದರ ಜೊತೆಗೆ ಒಂದೊಂದು ಪ್ರೊಸೆಸರ್ ಮತ್ತು ಆಪರೇಟಿಂಗ್ ಸಿಸ್ಟಂಗೂ ಬೇರೆ ಬೇರೆ ಸೂಚನೆಗಳ ಉದ್ದನೆಯ ಪುಟ. ಬಹಳ ಕಾಲ ‘ಹಳೆಯ ದಾಖಲೆ’ ಎಂಬ ಭಾಗವೂ ಇತ್ತು. ಇದರಲ್ಲಿನ ಬಹುಪಾಲು ಮಾಹಿತಿಗೆ ವಯಸ್ಸಾಗಿದೆ, ಇತಿಹಾಸಕ್ಕಾಗಿ ಮಾತ್ರ ಇಟ್ಟಿದ್ದೇವೆ ಎಂದು ಅದರ ತಲೆಯ ಮೇಲೇ ಬರೆದಿತ್ತು.

ಮುಖಪುಟದಲ್ಲಿ ಎರಡು ಮಾತುಗಳಿವೆ. ಮುಂದುವರಿಯುವ ಮೊದಲು ಸಾಮಾನ್ಯ ಸೂಚನೆಗಳನ್ನು ಪೂರ್ತಿ ಕಣ್ಣಾಡಿಸಿ ಎನ್ನುತ್ತದೆ ಒಂದು. ಜಾಲದಲ್ಲಿರುವ ಪುಟ ಈಗ ಅಭಿವೃದ್ಧಿಯಾಗುತ್ತಿರುವ ಸೋರ್ಸ್‌ಗೆ ಸಂಬಂಧಿಸಿದ್ದು, ಬಿಡುಗಡೆಯಾದ ಆವೃತ್ತಿಯ ಸೂಚನೆಗಳು ಆಯಾ ಟಾರ್‌ಬಾಲ್‌ನೊಳಗೇ ಇವೆ ಎನ್ನುತ್ತದೆ ಇನ್ನೊಂದು. ಎರಡನೆಯದು ತುಂಬ ಮುಖ್ಯವಾದ ಮಾತು. ಹುಡುಕಾಟದಲ್ಲಿ ಸಿಗುವುದು ಜಾಲದ ಪುಟ, ಕೈಯಲ್ಲಿರುವುದು ಎರಡು ವರ್ಷ ಹಳೆಯ ಟಾರ್‌ಬಾಲ್. ಓದುತ್ತಿರುವ ಸೂಚನೆ ತನ್ನ ಆವೃತ್ತಿಯದ್ದಲ್ಲ ಎಂಬ ಅರಿವೇ ಇಲ್ಲದೆ ಓದುವವರು ಎಷ್ಟೋ ಜನ.

ಪ್ರಕರಣ

ಈ ಕೈಪಿಡಿಯನ್ನು ಯಾರ ಕಣ್ಣಿನಿಂದ ಓದಬೇಕು? ಒಬ್ಬ ವಿದ್ಯಾರ್ಥಿನಿಯನ್ನು ಇಟ್ಟುಕೊಳ್ಳೋಣ. ಅಂಥವರು ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಕಾಲ 2012ರ ಆಸುಪಾಸು. ಲ್ಯಾಬ್‌ನ ಯಂತ್ರಗಳಲ್ಲಿ ಸೆಂಟ್‌ಓಎಸ್ 6 ಎಂಬ ಲಿನಕ್ಸ್. ಅದರೊಂದಿಗೆ ಬರುವುದು ಜಿಸಿಸಿ 4.4.7. ಪ್ರಾಜೆಕ್ಟ್‌ಗೆ ಬೇಕಾದ ಲೈಬ್ರರಿಯಲ್ಲಿ ಸಿ++11ರ ಲ್ಯಾಂಬ್ಡಾಗಳಿವೆ, ರೇಂಜ್ ಫಾರ್ ಲೂಪ್‌ಗಳಿವೆ. ಲ್ಯಾಂಬ್ಡಾ ಬಂದಿದ್ದು 4.5ರಲ್ಲಿ, ರೇಂಜ್ ಫಾರ್ 4.6ರಲ್ಲಿ. ಹಾಗಾಗಿ ಅವಳಿಗೆ ಆಗಷ್ಟೇ ಬಂದ 4.7 ಬೇಕು.

“ಸರ್, ಲ್ಯಾಬ್ ಮಷೀನಲ್ಲಿ ಹೊಸ ಜಿಸಿಸಿ ಹಾಕಿಕೊಡ್ತೀರಾ?”

“ಸಿಸ್ಟಂ ಕಂಪೈಲರ್ ಮುಟ್ಟೋಕಾಗಲ್ಲಮ್ಮ, ಬೇರೆ ಬ್ಯಾಚಿನವರದ್ದೆಲ್ಲ ಅದರ ಮೇಲೇ ನಡೀತಿದೆ. ನಿನ್ನ ಹೋಮ್ ಡೈರೆಕ್ಟರಿ ಒಳಗೆ ನೀನೇ ಬಿಲ್ಡ್ ಮಾಡ್ಕೋ.”

ಲ್ಯಾಬ್ ನೋಡಿಕೊಳ್ಳುವವರು ಹೇಳಿದ್ದು ಸರಿಯಾಗಿಯೇ ಇದೆ. ಜಿಸಿಸಿಯ ಕೈಪಿಡಿಯೂ ಅದನ್ನೇ ಹೇಳುತ್ತದೆ: ‘ಮೇಕ್ ಅನ್‌ಇನ್‌ಸ್ಟಾಲ್’ ಎಂಬುದು ಇಲ್ಲ, ಆದ್ದರಿಂದ ಅದಕ್ಕೆಂದೇ ಒಂದು ಡೈರೆಕ್ಟರಿ ಮಾಡಿ ಅಲ್ಲಿ ಹಾಕಿ, ಬೇಡವಾದಾಗ ಆ ಡೈರೆಕ್ಟರಿಯನ್ನೇ ಅಳಿಸಿ. ನಮ್ಮ ವಿದ್ಯಾರ್ಥಿನಿಗೆ ರೂಟ್ (ಯಂತ್ರದ ಪೂರ್ತಿ ಅಧಿಕಾರ) ಇಲ್ಲ, ತಾಳ್ಮೆ ಇದೆ, ಸಿ ಚೆನ್ನಾಗಿ ಗೊತ್ತು, ಆದರೆ ‘ಕಾನ್ಫಿಗರ್’ ಸ್ಕ್ರಿಪ್ಟ್‌ಗಳನ್ನು ತಯಾರಿಸುವ ಆಟೋಕಾನ್ಫ್‌ನ ಒಳಸುಳಿ ಗೊತ್ತಿಲ್ಲ. ಇನ್‌ಸ್ಟಾಲ್ ಕೈಪಿಡಿ ಯಾರಿಗಾಗಿ ಎಂದು ಕೇಳಿದರೆ ನಾನು ತೋರಿಸುವುದು ಇವಳನ್ನೇ.

ಮೊದಲ ತಡೆ: ಮೂರು ಲೈಬ್ರರಿಗಳು

ಟಾರ್‌ಬಾಲ್ ಬಿಚ್ಚಿ, ಯಂತ್ರದಲ್ಲಿ ಬೇಕಾದ್ದೆಲ್ಲ ಇದೆಯೇ ಎಂದು ನೋಡುವ ‘ಕಾನ್ಫಿಗರ್’ ಸ್ಕ್ರಿಪ್ಟ್ ಓಡಿಸಿದ ಕೂಡಲೇ ಅದು ನಿಲ್ಲುತ್ತದೆ. ಜಿಸಿಸಿ ಬಿಲ್ಡ್ ಮಾಡಲು ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಲೈಬ್ರರಿಗಳು ಬೇಕು, ಸಿಗುತ್ತಿಲ್ಲ ಎಂಬ ಸಂದೇಶ. ಇವೇಕೆ ಬೇಕು ಎಂದರೆ, ಪ್ರೋಗ್ರಾಂನಲ್ಲಿರುವ ಸ್ಥಿರ ಸಂಖ್ಯೆಗಳ ಲೆಕ್ಕವನ್ನು ಕಂಪೈಲ್ ಆಗುವಾಗಲೇ ನಿಖರವಾಗಿ ಮಾಡಿ ಮುಗಿಸುವುದಕ್ಕೆ. ಕಂಪೈಲರ್ ಓಡುತ್ತಿರುವ ಯಂತ್ರ ಯಾವುದೇ ಆದರೂ ಒಂದೇ ಉತ್ತರ ಬರಬೇಕಲ್ಲ. ಮೊದಲು ಫೋರ್ಟ್ರಾನ್‌ಗೆ ಮಾತ್ರ ಬೇಕಿದ್ದ ಜಿಎಂಪಿ, ಎಂಪಿಎಫ್‌ಆರ್ 2008ರ 4.3ರಿಂದ ಎಲ್ಲರಿಗೂ ಕಡ್ಡಾಯವಾದವು. ಸಂಕೀರ್ಣ ಸಂಖ್ಯೆಗಳ ಎಂಪಿಸಿ 2010ರ 4.5ರಲ್ಲಿ ಸೇರಿತು. ಅಲ್ಲಿಯವರೆಗೆ ಸಿ ಕಂಪೈಲರ್ ಮಾತ್ರ ಬೇಕಿದ್ದವರಿಗೆ ಈ ಉಸಾಬರಿಯೇ ಇರಲಿಲ್ಲ.

ಆ ಸಂದೇಶವನ್ನು ಸಾಲು ಸಾಲಾಗಿ ಓದಬೇಕು, ಏಕೆಂದರೆ ಆ ಕ್ಷಣದಲ್ಲಿ ಅವಳಿಗಿರುವ ಕೈಪಿಡಿ ಅದೊಂದೇ. ಇಂತಿಂಥ ಆವೃತ್ತಿ ಬೇಕು ಎನ್ನುತ್ತದೆ ಮೊದಲ ಸಾಲು. ಮುಂದಿನದು, ‘--ವಿತ್-ಜಿಎಂಪಿ’, ‘--ವಿತ್-ಎಂಪಿಎಫ್‌ಆರ್’, ‘--ವಿತ್-ಎಂಪಿಸಿ’ ಆಯ್ಕೆಗಳಿಂದ ಅವು ಎಲ್ಲಿವೆಯೆಂದು ತಿಳಿಸಿ ಎನ್ನುತ್ತದೆ. ಆಮೇಲೆ ಅವುಗಳ ಸೋರ್ಸ್ ಸಿಗುವ ವಿಳಾಸ. ಕಟ್ಟಕಡೆಗೆ, ಡಿಸ್ಟ್ರಿಬ್ಯೂಷನ್ ಪ್ಯಾಕೇಜ್‌ನಿಂದ ಹಾಕಿದ್ದರೆ ಹೆಡರ್ ಕಡತಗಳ ಪ್ಯಾಕೇಜ್ ಬೇರೆ ಇರಬಹುದು, ಅದನ್ನೂ ಹಾಕಿದ್ದೀರಾ ನೋಡಿ ಎಂಬ ಸೂಚನೆ.

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಕ್ರಮ ನೋಡಿ. ಹೆಚ್ಚಿನವರಿಗೆ ಬೇಕಾದ ಉತ್ತರ ಕೊನೆಯ ಸಾಲಿನಲ್ಲಿದೆ. ಡೆಬಿಯನ್, ಉಬುಂಟುಗಳಲ್ಲಿ ‘ಡೆವ್’ ಎಂದು ಕೊನೆಯಾಗುವ, ಫೆಡೋರಾ ಬಳಗದಲ್ಲಿ ‘ಡೆವೆಲ್’ ಎಂದು ಕೊನೆಯಾಗುವ ಪ್ಯಾಕೇಜ್‌ಗಳನ್ನು ಹಾಕಿದರೆ ಮುಗಿಯಿತು. ಆದರೆ ಅದಕ್ಕೂ ಮೊದಲು ಕಣ್ಣಿಗೆ ಬೀಳುವುದು ಮೂರು ‘--ವಿತ್’ ಆಯ್ಕೆಗಳು, ಆಮೇಲೆ ಸೋರ್ಸ್‌ನ ವಿಳಾಸ. ಓದಿದವರು ಏನು ಮಾಡುತ್ತಾರೆ? ಮೂರೂ ಸೋರ್ಸ್ ಇಳಿಸಿಕೊಂಡು ಒಂದೊಂದಾಗಿ ಬಿಲ್ಡ್ ಮಾಡುತ್ತಾರೆ. ಮೊದಲು ಜಿಎಂಪಿ, ಅದರ ಮೇಲೆ ಎಂಪಿಎಫ್‌ಆರ್, ಎರಡರ ಮೇಲೆ ಎಂಪಿಸಿ. ಹೋಮ್ ಡೈರೆಕ್ಟರಿಯಲ್ಲಿ ಮೂರನ್ನೂ ಹಾಕಿ, ಮೂರು ‘--ವಿತ್’ ಆಯ್ಕೆ ಕೊಟ್ಟು ಮತ್ತೆ ‘ಕಾನ್ಫಿಗರ್’ ಓಡಿಸಿದರೆ ಈ ಸಲ ದೂರಿಲ್ಲ. ನಮ್ಮ ವಿದ್ಯಾರ್ಥಿನಿ ನೆಮ್ಮದಿಯಿಂದ, ಬಿಲ್ಡ್ ಶುರುಮಾಡುವ ‘ಮೇಕ್’ ಕೊಟ್ಟು ಕೂರುತ್ತಾಳೆ. ಎರಡನೆಯ ತಡೆಗೆ ದಾರಿ ಮಾಡಿಕೊಟ್ಟಿದ್ದು ಈ ನೆಮ್ಮದಿಯೇ.

ಎರಡನೆಯ ತಡೆ: ತಪ್ಪು ಒಂದು ಕಡೆ, ಸಂದೇಶ ಇನ್ನೊಂದು ಕಡೆ

ಜಿಸಿಸಿ ತನ್ನನ್ನು ತಾನೇ ಮೂರು ಹಂತಗಳಲ್ಲಿ ಬಿಲ್ಡ್ ಮಾಡಿಕೊಳ್ಳುತ್ತದೆ. ಯಂತ್ರದಲ್ಲಿರುವ ಹಳೆಯ ಕಂಪೈಲರ್‌ನಿಂದ ಮೊದಲನೆಯದು, ಅದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು. ಎರಡನೆಯದೂ ಮೂರನೆಯದೂ ಒಂದೇ ಆಗಿವೆಯೇ ಎಂದು ಹೋಲಿಸಿ ನೋಡುತ್ತದೆ. ಮೊದಲ ಹಂತದ ಕಂಪೈಲರ್ ಪೂರ್ತಿ ತಯಾರಾದ ಮೇಲೆ ಅದರಿಂದ ‘ಲಿಬ್‌ಜಿಸಿಸಿ’ ಎಂಬ ಪುಟ್ಟ ಲೈಬ್ರರಿ ಕಂಪೈಲ್ ಆಗಬೇಕು. ಅಷ್ಟು ಹೊತ್ತು ಕಾದ ಮೇಲೆ ಸರಿಯಾಗಿ ಅಲ್ಲಿ ಬಿಲ್ಡ್ ನಿಲ್ಲುತ್ತದೆ. ತೆರೆಯ ಮೇಲೆ ಬರುವ ಮಾತು: ಆಬ್ಜೆಕ್ಟ್ ಕಡತಗಳ ಹೆಸರಿನ ಬಾಲ ಯಾವುದೆಂದು ಲೆಕ್ಕ ಹಾಕಲಾಗುತ್ತಿಲ್ಲ, ಕಂಪೈಲ್ ಆಗುತ್ತಿಲ್ಲ, ‘ಕಾನ್ಫಿಗ್.ಲಾಗ್’ ನೋಡಿ.

ಲಿನಕ್ಸ್‌ನಲ್ಲಿ ಆಬ್ಜೆಕ್ಟ್ ಕಡತದ ಬಾಲ ‘.ಓ’ ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಅದನ್ನು ಕಂಡುಹಿಡಿಯಲಾಗದೆ ಬಿಲ್ಡ್ ನಿಂತಿತು ಎಂದರೆ ಎಂಥವರೂ ದಿಕ್ಕು ತಪ್ಪುತ್ತಾರೆ. ನಿಜವಾಗಿ ಆಗಿದ್ದು ಇಷ್ಟು. ಲಿಬ್‌ಜಿಸಿಸಿಯ ಕಾನ್ಫಿಗರ್ ಸ್ಕ್ರಿಪ್ಟ್ ನಾಲ್ಕು ಸಾಲಿನ ಸಿ ಪ್ರೋಗ್ರಾಂ ಬರೆದು, ಹೊಸ ಕಂಪೈಲರ್‌ಗೆ ಕೊಟ್ಟು ಪರೀಕ್ಷಿಸಿತು. ಹೊಸ ಕಂಪೈಲರ್‌ಗೆ ಏಳಲೇ ಆಗಲಿಲ್ಲ, ಏಕೆಂದರೆ ಅದು ನೆಚ್ಚಿಕೊಂಡಿರುವ ಎಂಪಿಸಿಯ ಶೇರ್ಡ್ ಲೈಬ್ರರಿ (ಓಡುವಾಗ ಹೊರಗಿನಿಂದ ಬಂದು ಸೇರುವಂಥದ್ದು) ಹೋಮ್ ಡೈರೆಕ್ಟರಿಯಲ್ಲಿದೆ, ಓಡುವ ಹೊತ್ತಿಗೆ ಅದನ್ನು ತಂದು ಸೇರಿಸಬೇಕಾದ ಡೈನಮಿಕ್ ಲೋಡರ್ ಆ ಜಾಗದಲ್ಲಿ ಹುಡುಕುವುದಿಲ್ಲ. ‘--ವಿತ್-ಎಂಪಿಸಿ’ ಹೇಳಿಕೊಟ್ಟಿದ್ದು ಲಿಂಕ್ ಮಾಡುವಾಗ ಎಲ್ಲಿ ಹುಡುಕಬೇಕೆಂದು, ಓಡುವಾಗ ಎಲ್ಲಿ ಹುಡುಕಬೇಕೆಂದಲ್ಲ. ಮೊದಲ ಕಾನ್ಫಿಗರ್ ಲಿಂಕ್ ಆಗುತ್ತದೆಯೇ ಎಂದಷ್ಟೇ ನೋಡಿ ಸೈ ಎಂದಿತ್ತು. ಆ ಪರೀಕ್ಷಾ ಪ್ರೋಗ್ರಾಂ ಕಂಪೈಲ್ ಆಗದಿದ್ದಾಗ ಆಟೋಕಾನ್ಫ್ ತಾನು ಅಷ್ಟರಲ್ಲಿ ಕೇಳುತ್ತಿದ್ದ ಪ್ರಶ್ನೆ ಯಾವುದೋ ಅದನ್ನೇ ದೋಷವೆಂದು ವರದಿ ಮಾಡುತ್ತದೆ. ಆ ಪ್ರಶ್ನೆ ಕಡತದ ಬಾಲದ್ದಾಗಿತ್ತು, ಅಷ್ಟೇ.

ಇನ್ನು ‘ಕಾನ್ಫಿಗ್.ಲಾಗ್’. ಬಿಲ್ಡ್ ಡೈರೆಕ್ಟರಿಯ ಮೇಲ್ಮಟ್ಟದಲ್ಲೇ ಆ ಹೆಸರಿನ ಕಡತವಿದೆ. ಅವಳು ಅದನ್ನು ತೆರೆದು ನೋಡುತ್ತಾಳೆ, ಏನೂ ತಪ್ಪಿಲ್ಲ. ಬೇಕಾದ ಸಾಲು ಇರುವುದು ಒಳಗೆ ಲಿಬ್‌ಜಿಸಿಸಿಯ ಡೈರೆಕ್ಟರಿಯಲ್ಲಿರುವ, ಅದೇ ಹೆಸರಿನ ಇನ್ನೊಂದು ಕಡತದಲ್ಲಿ. ಶೇರ್ಡ್ ಲೈಬ್ರರಿ ತೆರೆಯಲಾಗುತ್ತಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಯಾವ ‘ಕಾನ್ಫಿಗ್.ಲಾಗ್’ ಎಂದು ಸಂದೇಶ ಪೂರ್ತಿ ದಾರಿಯೊಂದಿಗೆ ಹೇಳಿದ್ದರೆ ಎಷ್ಟು ಜನರ ಎಷ್ಟು ಸಂಜೆಗಳು ಉಳಿಯುತ್ತಿದ್ದವೋ. ಜಿಸಿಸಿ ವಿಕಿಯ ಪ್ರಶ್ನೋತ್ತರದಲ್ಲಿ ಈ ದೋಷಕ್ಕೆ ಒಂದು ಪ್ರತ್ಯೇಕ ಉತ್ತರವೇ ಇದೆ: ಈ ಸಂದೇಶ ದಾರಿ ತಪ್ಪಿಸುವಂಥದ್ದು, ದೋಷ ಬಂದ ಡೈರೆಕ್ಟರಿಯೊಳಗಿನ ಲಾಗ್ ನೋಡಿ ಎಂದು. ಒಳ್ಳೆಯ ಉತ್ತರ. ಆದರೆ ಸಂದೇಶದಿಂದ ಆ ಉತ್ತರಕ್ಕೆ ಹೋಗಲು ದಾರಿ ಇಲ್ಲ, ಅವಳೇ ಹುಡುಕಿ ಕಂಡುಕೊಳ್ಳಬೇಕು.

ಉಳಿದವು

ಮೂರನೆಯ ತಡೆಯನ್ನು ಚುಟುಕಾಗಿ ಹೇಳಬಹುದು. 64 ಬಿಟ್ ಇಂಟೆಲ್ ಯಂತ್ರದಲ್ಲಿ ಜಿಸಿಸಿ ತಾನಾಗಿಯೇ 32 ಬಿಟ್ ಲೈಬ್ರರಿಗಳನ್ನೂ ಬಿಲ್ಡ್ ಮಾಡಲು ಹೋಗುತ್ತದೆ. ಯಂತ್ರದಲ್ಲಿ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಗ್ಲಿಬ್‌ಸಿಯ 32 ಬಿಟ್ ಹೆಡರ್‌ಗಳಿಲ್ಲದಿದ್ದರೆ ‘ಸ್ಟಬ್ಸ್-32.ಹೆಚ್’ ಎಂಬ ಕಡತ ಇಲ್ಲವೆಂದು, ಮತ್ತೆ ಅಷ್ಟೇ ಹೊತ್ತು ಕಾಯಿಸಿ, ನಿಲ್ಲುತ್ತದೆ. ರೂಟ್ ಇದ್ದವರು ಆ ಪ್ಯಾಕೇಜ್ ಹಾಕಿಕೊಳ್ಳಬಹುದು. ನಮ್ಮ ವಿದ್ಯಾರ್ಥಿನಿಗೆ ಇರುವ ದಾರಿ ‘--ಡಿಸೇಬಲ್-ಮಲ್ಟಿಲಿಬ್’. ಕಾನ್ಫಿಗರೇಶನ್ ಪುಟದಲ್ಲಿ ಆ ಆಯ್ಕೆ ಇದೆ, ಹತ್ತಾರು ಆಯ್ಕೆಗಳ ನಡುವೆ ಒಂದಾಗಿ. ತನಗೆ ಅದು ಬೇಕೆಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ.

ಕೊನೆಯ ತಡೆ ಎಲ್ಲ ಮುಗಿದ ಮೇಲಿನದ್ದು. ‘ಮೇಕ್ ಇನ್‌ಸ್ಟಾಲ್’ ಆಯಿತು, ಪ್ರಾಜೆಕ್ಟ್ ಕಂಪೈಲ್ ಆಯಿತು, ಓಡಿಸಿದರೆ ‘ಜಿಎಲ್‌ಐಬಿಸಿಎಕ್ಸ್‌ಎಕ್ಸ್ 3.4.15 ಸಿಗಲಿಲ್ಲ’ ಎನ್ನುತ್ತದೆ. ಹೊಸ ಕಂಪೈಲರ್ ತನ್ನದೇ ಸಿ++ ಲೈಬ್ರರಿ ತಂದಿದೆ, ಆದರೆ ಓಡುವಾಗ ಸಿಗುತ್ತಿರುವುದು ಸಿಸ್ಟಂನ ಹಳೆಯದು. ಆ ಸಂಖ್ಯೆ ಸಿ++ ಲೈಬ್ರರಿಯ ಆವೃತ್ತಿಯ ಗುರುತು, ಸೆಂಟ್‌ಓಎಸ್ 6ರದ್ದು 3.4.13ಕ್ಕೆ ನಿಂತಿದೆ. ಲೈಬ್ರರಿಯ ದಾರಿಯನ್ನು ಎನ್ವಿರಾನ್‌ಮೆಂಟ್‌ನಲ್ಲಿ ಹೇಳಬೇಕು, ಇಲ್ಲವೇ ಲಿಂಕ್ ಮಾಡುವಾಗಲೇ ಪ್ರೋಗ್ರಾಂನೊಳಗೆ ಬರೆಸಬೇಕು. ಇದರ ವಿವರಣೆ ಚೆನ್ನಾಗಿಯೇ ಇದೆ, ಆದರೆ ಇರುವುದು ಸಿ++ ಲೈಬ್ರರಿಯ ಕೈಪಿಡಿಯಲ್ಲಿ. ಅದು ಬೇರೆಯೇ ಪುಸ್ತಕ. ಇನ್‌ಸ್ಟಾಲ್ ಮುಗಿಯಿತು ಎಂದುಕೊಂಡವರು ಇನ್ನೊಂದು ಕೈಪಿಡಿಯ ‘ಲಿಂಕಿಂಗ್’ ಅಧ್ಯಾಯ ತೆರೆಯುತ್ತಾರೆಂದು ಯಾರೂ ನಿರೀಕ್ಷಿಸಬಾರದು.

ಏನು ಬದಲಾಯಿತು

ಇಂಥವರಿಗೆಂದು ಜಿಸಿಸಿ ವಿಕಿಯಲ್ಲಿ ಒಂದು ಚಿಕ್ಕ ಪುಟ ಹುಟ್ಟಿಕೊಂಡಿತು. ಮೊದಲು ಅದು ಕೇಳುವುದು, ನಿಮ್ಮ ಡಿಸ್ಟ್ರಿಬ್ಯೂಷನ್‌ನ ಪ್ಯಾಕೇಜ್ ಸಾಕಾಗುವುದಿಲ್ಲವೇ ಎಂದು. ಬಿಲ್ಡ್ ಮಾಡಲೇಬೇಕೆಂದರೆ ಒಂದು ಪರದೆಯಲ್ಲಿ ಹಿಡಿಸುವಷ್ಟು ಕಮಾಂಡ್‌ಗಳು, ಉದಾಹರಣೆಗೆ 4.6.2 ಆವೃತ್ತಿ: ಟಾರ್‌ಬಾಲ್ ಬಿಚ್ಚಿ, ಒಳಗೆ ಹೋಗಿ ‘ಕಾಂಟ್ರಿಬ್’ನಲ್ಲಿರುವ ‘ಡೌನ್‌ಲೋಡ್ ಪ್ರಿರಿಕ್ವಿಸಿಟ್ಸ್’ ಸ್ಕ್ರಿಪ್ಟ್ ಓಡಿಸಿ, ಹೊರಬಂದು ಬೇರೆ ಡೈರೆಕ್ಟರಿ ಮಾಡಿ, ಅಲ್ಲಿಂದ ಕಾನ್ಫಿಗರ್ ಕೊಡಿ. ಪ್ರಿಫಿಕ್ಸ್, ಅಂದರೆ ಇನ್‌ಸ್ಟಾಲ್ ಆಗುವ ಜಾಗ, ಹೋಮ್ ಡೈರೆಕ್ಟರಿಯೊಳಗೆ. ನಾನು ಯಾರಿಗಾದರೂ ಜಿಸಿಸಿ ಬಿಲ್ಡ್ ಮಾಡುವುದನ್ನು ಹೇಳಿಕೊಡಬೇಕಾದರೆ ತೋರಿಸುವ ಪುಟ ಇದು. ಅದರಲ್ಲಿ ವಿವರ ಕಡಿಮೆ, ನಿರ್ಧಾರ ಹೆಚ್ಚು. ಓದುಗರು ಆರಿಸಬೇಕಾದದ್ದನ್ನೆಲ್ಲ ಬರೆದವರೇ ಆರಿಸಿ ಕೊಟ್ಟಿದ್ದಾರೆ.

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಆ ಸ್ಕ್ರಿಪ್ಟ್. ಮೂರು ಲೈಬ್ರರಿಗಳ ಸರಿಯಾದ ಆವೃತ್ತಿಗಳನ್ನು ಅದು ತಂದು ಜಿಸಿಸಿ ಸೋರ್ಸ್‌ನೊಳಗೇ ಇಡುತ್ತದೆ. ಅಲ್ಲಿದ್ದರೆ ಜಿಸಿಸಿ ಅವನ್ನು ತನ್ನ ಜೊತೆಯಲ್ಲೇ ಬಿಲ್ಡ್ ಮಾಡಿ, ಸ್ಟ್ಯಾಟಿಕ್ ಆಗಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಓಡುವಾಗ ಹುಡುಕಬೇಕಾದ ಶೇರ್ಡ್ ಲೈಬ್ರರಿಯೇ ಇಲ್ಲ, ಹಾಗಾಗಿ ಎರಡನೆಯ ತಡೆ ಹುಟ್ಟುವುದೇ ಇಲ್ಲ. ಮೂರು ಲೈಬ್ರರಿಗಳ ಬಿಲ್ಡ್ ಕ್ರಮ, ಮೂರು ‘--ವಿತ್’ ಆಯ್ಕೆಗಳು, ಲೋಡರ್‌ನ ಪಾಠ, ಇಷ್ಟನ್ನೂ ವಿವರಿಸುವ ಪುಟಗಳ ಬದಲು ಒಂದು ಸಾಲು. (ಲ್ಯಾಬ್‌ನ ಯಂತ್ರದಿಂದ ಹೊರಗಿನ ಜಾಲ ಸಿಗದಿದ್ದರೆ ಬೇರೆ ಯಂತ್ರದಲ್ಲಿ ಸ್ಕ್ರಿಪ್ಟ್ ಓಡಿಸಿ, ಇಡೀ ಸೋರ್ಸ್ ಡೈರೆಕ್ಟರಿಯನ್ನು ಕಟ್ಟಿಕೊಂಡು ತಂದರಾಯಿತು. ಹಳೆಯ ಸ್ಕ್ರಿಪ್ಟ್ ಎಫ್‌ಟಿಪಿಯಿಂದ ತರುತ್ತಿದ್ದುದರಿಂದ ಪ್ರಾಕ್ಸಿಯ ಹಿಂದಿರುವವರಿಗೆ ಈ ಉಪಾಯ ಬೇಕಾಗುತ್ತಿತ್ತು.)

ಮಲ್ಟಿಲಿಬ್ ತಡೆಯೂ ಹೀಗೆಯೇ ಸರಿಯಾಯಿತು. ಮುಂದಿನ ಆವೃತ್ತಿಗಳಲ್ಲಿ ಕಾನ್ಫಿಗರ್ ಶುರುವಿನಲ್ಲೇ ಪರೀಕ್ಷಿಸಿ ಹೇಳುತ್ತದೆ: ನಿಮ್ಮ ಸಿಸ್ಟಂನಲ್ಲಿ 32 ಬಿಟ್ ಲೈಬ್ರರಿಗಳು ಇದ್ದಂತಿಲ್ಲ, ಇದ್ದರೆ ‘--ಎನೇಬಲ್-ಮಲ್ಟಿಲಿಬ್’ ಕೊಟ್ಟು ಮತ್ತೆ ಓಡಿಸಿ, ಇಲ್ಲದೆ 64 ಬಿಟ್ ಮಾತ್ರ ಸಾಕಿದ್ದರೆ ‘--ಡಿಸೇಬಲ್-ಮಲ್ಟಿಲಿಬ್’ ಕೊಡಿ. ಇದಕ್ಕಿಂತ ಒಳ್ಳೆಯ ದೋಷ ಸಂದೇಶ ಬರೆಯುವುದು ಕಷ್ಟ. ಏನಾಗಿದೆ, ಏಕೆ, ಈಗ ಯಾವ ಎರಡು ದಾರಿಗಳಿವೆ, ಯಾವುದನ್ನು ಯಾವಾಗ ಹಿಡಿಯಬೇಕು, ಎಲ್ಲವೂ ಇದೆ. ಸಮಯ ವ್ಯರ್ಥವಾಗುವ ಮೊದಲೇ ಬರುತ್ತದೆ. ತೆರೆಯ ಮೇಲೇ ಇರುವುದರಿಂದ ಯಾವ ಪುಟವನ್ನೂ ಹುಡುಕಬೇಕಿಲ್ಲ, ಆವೃತ್ತಿಯೂ ತಾನಾಗಿಯೇ ಸರಿಹೊಂದುತ್ತದೆ.

ಕೈಪಿಡಿಯ ರೂಪವನ್ನೇ ಬದಲಿಸುವ ದೊಡ್ಡ ಪ್ರಯತ್ನವೂ ನಡೆದಿದೆ. 2022ರ ನವೆಂಬರ್‌ನಲ್ಲಿ ಜಿಸಿಸಿಯ ದಾಖಲೆಗಳನ್ನು ಟೆಕ್ಸ್‌ಇನ್ಫೋದಿಂದ ಸ್ಫಿಂಕ್ಸ್ ಎಂಬ ಇನ್ನೊಂದು ವಿಧಾನಕ್ಕೆ ಬದಲಾಯಿಸಿದರು. ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ತುಂಬ ಶ್ರಮದ ಕೆಲಸ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ನಮ್ಮ ವಿದ್ಯಾರ್ಥಿನಿಯ ನಾಲ್ಕು ತಡೆಗಳಲ್ಲಿ ಯಾವುದೂ ಟೆಕ್ಸ್‌ಇನ್ಫೋದಿಂದ ಬಂದದ್ದಲ್ಲ. ಸ್ಫಿಂಕ್ಸ್ ಉಳಿದುಕೊಂಡಿದ್ದರೂ ಅವು ಇದ್ದಲ್ಲೇ ಇರುತ್ತಿದ್ದವು.

ಉಳಿದಿರುವ ಕೆಲಸ

ಅಧಿಕೃತ ಕೈಪಿಡಿಯ ಕ್ರಮ ಇಂದಿಗೂ ಮೊದಲಿನಂತೆಯೇ ಇದೆ. ಲೈಬ್ರರಿಗಳ ಪಟ್ಟಿ ಮೊದಲ ಪುಟದಲ್ಲಿ, ಅವನ್ನೆಲ್ಲ ಒಂದೇಟಿಗೆ ತಂದುಕೊಡುವ ಸ್ಕ್ರಿಪ್ಟ್ ಓಡಿಸಿ ಎಂಬ ಸಲಹೆ ಎರಡನೆಯದಾದ ಡೌನ್‌ಲೋಡ್ ಪುಟದಲ್ಲಿ. ಮೊದಲ ಪುಟ ಓದುತ್ತಲೇ ಮೂರು ಟಾರ್‌ಬಾಲ್ ಇಳಿಸಲು ಹೊರಟವರನ್ನು ಎರಡನೆಯ ಪುಟ ತಡೆಯಲಾರದು.

ಬಿಲ್ಡ್ ಡೈರೆಕ್ಟರಿ ಎಲ್ಲಿರಬೇಕು ಎಂಬ ಮಾತಿನಲ್ಲೂ ಗೊಂದಲವಿದೆ. ಸೋರ್ಸ್‌ನ ಹೊರಗೆ ಬೇರೆ ಡೈರೆಕ್ಟರಿಯಲ್ಲಿ ಮಾಡಿ ಎಂದು ಕೈಪಿಡಿ ಒತ್ತಿ ಹೇಳುತ್ತದೆ. ಅದರ ಮುಂದಿನ ಮಾತು: ಸೋರ್ಸ್ ಡೈರೆಕ್ಟರಿಯಲ್ಲೇ ಮಾಡಿದರೂ ಆಗಬೇಕು, ಆದರೆ ಅದನ್ನು ಹೆಚ್ಚು ಪರೀಕ್ಷಿಸಿಲ್ಲ, ಸೋರ್ಸ್‌ನ ಒಳಗಿನ ಉಪಡೈರೆಕ್ಟರಿಯಲ್ಲಿ ಮಾತ್ರ ಬೆಂಬಲವಿಲ್ಲ. ವಿಕಿಯಾದರೋ ಸೋರ್ಸ್ ಡೈರೆಕ್ಟರಿಯಲ್ಲೇ ಕಾನ್ಫಿಗರ್ ಕೊಡುವುದಕ್ಕೂ ಬೆಂಬಲವಿಲ್ಲ ಎನ್ನುತ್ತದೆ. ಇತ್ತ ಬೇರೆ ಪ್ರಾಜೆಕ್ಟ್‌ಗಳಲ್ಲಿ ಕೈ ಪಳಗಿದವರು ಮಾಡುವುದು ಸೋರ್ಸ್‌ನೊಳಗೆ ‘ಬಿಲ್ಡ್’ ಎಂಬ ಉಪಡೈರೆಕ್ಟರಿ, ಅಂದರೆ ಕೈಪಿಡಿ ಬೇಡವೆನ್ನುವ ದಾರಿಯನ್ನೇ. ಎಷ್ಟೋ ಸಲ ಅದು ನಡೆದೂ ಹೋಗುತ್ತದೆ, ನಡೆಯದಿದ್ದಾಗ ಕಾರಣ ಹೊಳೆಯುವುದಿಲ್ಲ. ಇಲ್ಲಿ ಮೂರು ಸಾಧ್ಯತೆಗಳ ಚರ್ಚೆ ಬೇಡ. ಎರಡು ಡೈರೆಕ್ಟರಿಗಳು ಅಕ್ಕಪಕ್ಕದಲ್ಲಿರುವ ಒಂದು ಉದಾಹರಣೆ ಸಾಕು.

ಇಷ್ಟು ಸಣ್ಣ ತಿದ್ದುಪಡಿಗಳನ್ನು ಯಾರೂ ಏಕೆ ಮಾಡಲಿಲ್ಲ ಎಂದು ಕೇಳುವವರಿಗೆ ಒಂದು ಕಾರಣ ಹೇಳಬೇಕು. ಜಿಸಿಸಿಗೆ ಗಣನೀಯವಾದ ಯಾವ ಕೊಡುಗೆ ಕೊಡಬೇಕಾದರೂ, ಅದು ಕೈಪಿಡಿಯ ಬರಹವೇ ಆಗಿದ್ದರೂ, ಹಕ್ಕುಸ್ವಾಮ್ಯವನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬರೆದುಕೊಡಬೇಕಿತ್ತು. ಉದ್ಯೋಗದಲ್ಲಿರುವವರು ಎಷ್ಟೋ ಸಲ ಕಂಪನಿಯ ಸಹಿಯನ್ನೂ ತರಬೇಕು. ಕೋಡ್ ಬರೆಯುವವರು ಆ ಕಾಗದಪತ್ರಗಳ ಸುತ್ತಾಟ ಸಹಿಸಿಕೊಂಡಾರು. ಎಡವಿ ಎದ್ದು, ಇನ್ನೊಬ್ಬರು ಎಡವದಿರಲಿ ಎಂದು ಒಂದೆರಡು ಪ್ಯಾರಾ ತಿದ್ದಿ ಕೊಡಲು ಬಂದವರು ಅಷ್ಟು ದೂರ ಬರುವುದಿಲ್ಲ, ವಿಕಿಗೆ ಹೋಗುತ್ತಾರೆ. ಒಳ್ಳೆಯ ಚಿಕ್ಕ ಪುಟ ವಿಕಿಯಲ್ಲಿ, ದೊಡ್ಡ ಕೈಪಿಡಿ ಟಾರ್‌ಬಾಲ್‌ನಲ್ಲಿ ಎಂದು ಎರಡು ಪಾಲಾಗಿದ್ದರ ಹಿಂದೆ ಇದೂ ಇದೆ ಎಂಬುದು ನನ್ನ ಅನಿಸಿಕೆ. 2021ರ ಜೂನ್‌ನಿಂದ ಆ ಕಡ್ಡಾಯವಿಲ್ಲ. ಇದು ನಾನೇ ಬರೆದದ್ದು, ಕೊಡುವ ಹಕ್ಕು ನನಗಿದೆ ಎಂದು ಪ್ರಮಾಣೀಕರಿಸುವ ಒಂದು ಸಾಲನ್ನು ಪ್ಯಾಚ್‌ನ (ಕಳಿಸುವ ತಿದ್ದುಪಡಿಯ) ಕೆಳಗೆ ಹೆಸರಿನೊಂದಿಗೆ ಸೇರಿಸಿದರೆ ಸಾಕು.

ಹಾಗಾಗಿ ಕೈ ಹಾಕುವವರಿಗೆ ನಾನು ಮೊದಲು ತೋರಿಸುವ ಜಾಗಗಳು ಎರಡು. ಒಂದು, ‘ಮೊದಲೇ ಇರಬೇಕಾದ ತಂತ್ರಾಂಶಗಳು’ ಪುಟದಲ್ಲಿ ಪಟ್ಟಿ ಶುರುವಾಗುವ ಮುನ್ನ ಎರಡು ವಾಕ್ಯ: ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿಗಳನ್ನು ನಿಮ್ಮ ಡಿಸ್ಟ್ರಿಬ್ಯೂಷನ್‌ನ ‘ಡೆವೆಲ್’ ಪ್ಯಾಕೇಜ್‌ಗಳಿಂದ ಹಾಕಿಕೊಳ್ಳಿ, ಅದು ಆಗದಿದ್ದರೆ ಸೋರ್ಸ್ ಇಳಿಸಿದ ಮೇಲೆ ಈ ಸ್ಕ್ರಿಪ್ಟ್ ಓಡಿಸಿ, ಕೈಯಿಂದ ಒಂದೊಂದಾಗಿ ಬಿಲ್ಡ್ ಮಾಡಬೇಡಿ. ಇನ್ನೊಂದು, ಕಾನ್ಫಿಗರ್‌ನ ಆ ಜಿಎಂಪಿ ಸಂದೇಶ. ಅದರ ಕೊನೆಯ ಸಾಲನ್ನು ಮೊದಲಿಗೆ ತಂದು, ಅದರ ಕೆಳಗೆ ಸ್ಕ್ರಿಪ್ಟ್‌ನ ಹೆಸರು ಬರೆದು, ‘--ವಿತ್’ ಆಯ್ಕೆಗಳನ್ನು ಕೊನೆಗೆ ಕಳಿಸಬೇಕು. ಲೈಬ್ರರಿಗಳನ್ನು ಬೇರೆ ಜಾಗದಲ್ಲಿ ಇಟ್ಟುಕೊಂಡಿರುವವರಿಗೆ ಆ ಆಯ್ಕೆಗಳು ಕೊನೆಯಲ್ಲಿದ್ದರೂ ಸಿಗುತ್ತವೆ.